ಒಗ್ಗರಣೆ ಹೊಗೆ, ಬಂದೂಕಿನ ಹೊಗೆ

ಮಗಳ ಬಾಣಂತನಕ್ಕೆಂದು ಅಮೆರಿಕದ ಕ್ಯಾನ್ಸಸ್‌ಗೆ ಹೋಗಿದ್ದೆವು. ಊರು ಓವರ್‌ಲ್ಯಾಂಡ್ ಪಾರ್ಕ್. ನನಗೆ ಮೊಮ್ಮಗು, ಅಡುಗೆಮನೆ ಅಂತ ಕೈತುಂಬ ಕೆಲಸ. ನಮ್ಮ ಮನೆಯವರಿಗೆ ಏನೂ ಇಲ್ಲ. ಮೈಸೂರಿನಲ್ಲಾದರೆ ಪೇಪರು, ಕುಕ್ಕರಹಳ್ಳಿ ಕೆರೆ, ಬ್ಯಾಂಕು ಅಂದುಕೊಂಡು ಮಧ್ಯಾಹ್ನ ಮಾಡಿಬಿಡುತ್ತಿದ್ದರು. ಇಲ್ಲಿ ಕಿಟಕಿ ಪಕ್ಕ ಕೂತು ಓಡಾಡುವ ಕಾರು ಎಣಿಸುತ್ತಿದ್ದರು. ಎರಡನೇ ವಾರ ಸುಮ್ನೆ ರಿಮೋಟ್ ಒತ್ತುತ್ತಾ ಇದ್ದಾಗ ಹಳೇ ಕಾರ್ಯಕ್ರಮಗಳನ್ನೇ ಹಾಕುವ ಒಂದು ಚಾನೆಲ್ ಸಿಕ್ಕಿತು. ಅದರಲ್ಲಿ ‘ಗನ್‌ಸ್ಮೋಕ್’ ಅಂತ ಹಳೇ ಕೌಬಾಯ್ ಧಾರಾವಾಹಿ. ಕಾರಿನ ಲೆಕ್ಕ ಅವತ್ತಿಗೇ ನಿಂತಿತು.

ಶುರುವಿನಲ್ಲೇ ಒಂದು ಖಾಲಿ ಬೀದಿ. ಈ ಕಡೆ ಊರು ಕಾಯುವ ಪೊಲೀಸು, ಮಾರ್ಷಲ್ ಮ್ಯಾಟ್ ಡಿಲನ್, ಆ ಕಡೆ ಒಬ್ಬ ಪುಂಡ. ಇಬ್ಬರೂ ಗನ್ ಎಳೆಯುತ್ತಾರೆ, ಪುಂಡ ಬೀಳುತ್ತಾನೆ. ಹಾಗೆ ಬೀಳುವ ಆರ್ವೋ ಓಜಾಲಾ ನಿಜದಲ್ಲಿ ನಟರಿಗೆ ಗನ್ ಎಳೆಯುವುದನ್ನು ಕಲಿಸುತ್ತಿದ್ದ ಮೇಷ್ಟ್ರು. ಗುರುವಿಗೇ ತಿರುಮಂತ್ರ ಅಂದರೆ ಇದೇ ಅಲ್ವಾ?

1955ರಲ್ಲಿ ಶುರುವಾಗಿ 1975ರವರೆಗೆ ಬಂದದ್ದು 635 ಕಂತು. ನಮ್ಮ ಮೆಗಾ ಧಾರಾವಾಹಿಗಳಲ್ಲಿ ಅಷ್ಟು ಹೊತ್ತಿಗೆ ಅತ್ತೆ ಇನ್ನೂ ಮೆಟ್ಟಿಲು ಇಳಿಯುತ್ತಾ ಇರುತ್ತಾರೆ. ಇಲ್ಲಿ ಹಾಗಲ್ಲ, ಒಂದು ಕಂತಿಗೆ ಒಂದು ಕಥೆ, ಮುಗೀತು. ನನಗೆ ಒಂದೇ ತಕರಾರು. ಲಾಂಗ್ ಬ್ರಾಂಚ್ ಸಲೂನ್ (ಕ್ಷೌರದ್ದಲ್ಲ, ಹೆಂಡದ್ದು) ನಡೆಸುವ ಕಿಟ್ಟಿ ಹತ್ತೊಂಬತ್ತು ವರ್ಷ ಡಿಲನ್ ದಾರಿ ನೋಡಿದಳು. ಈ ಪುಣ್ಯಾತ್ಮ ಮದುವೆ ಮಾತೇ ಎತ್ತಲಿಲ್ಲ. ಕೊನೆಯ ವರ್ಷಕ್ಕೆ ಅವಳೇ ಇರಲಿಲ್ಲ. ಇನ್ನೇನು ಮಾಡಿಯಾಳು!

ಆದರೂ ಅವನ ಮೇಲೆ ಕೋಪ ಬರುವುದಿಲ್ಲ. ಅವನದು ಮಾತು ಕಮ್ಮಿ. ಯಾರಾದರೂ ಕಷ್ಟ ಹೇಳಿಕೊಂಡರೆ ಪೂರ್ತಿ ಕೇಳುತ್ತಾನೆ, ನಡುವೆ ಬಾಯಿ ಹಾಕುವುದಿಲ್ಲ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಇಷ್ಟೇ ಸಾಕು, ಗನ್ನು ಗಿನ್ನು ಎಲ್ಲ ಆಮೇಲೆ. ಮತ್ತೆ ಅವನ ನಡಿಗೆ. ಒಂದು ಕಾಲಿನ ಮೇಲೆ ಭಾರ ಬಿಡದೆ ನಡೆಯುವುದು. ‘ರೀ, ಇವನಿಗೆ ಕಾಲು ನೋವಿದೆ’ ಅಂತ ಮೊದಲ ವಾರವೇ ಹೇಳಿದೆ. ಮಂಡಿ ನೋವಿನವಳಿಗೆ ಇನ್ನೊಬ್ಬರ ಕಾಲು ನೋವು ಗೊತ್ತಾಗದೆ ಇರುತ್ತದೆಯೇ? ಅಳಿಯ ಫೋನಿನಲ್ಲಿ ಹುಡುಕಿ ಹೇಳಿದ. ನಟ ಜೇಮ್ಸ್ ಅರ್ನೆಸ್ 1944ರಲ್ಲಿ ಸೈನಿಕನಾಗಿ ಇಟಲಿಯ ಆಂಜಿಯೋದಲ್ಲಿ ಇಳಿದಿದ್ದನಂತೆ. ಎತ್ತರ ಆರು ಅಡಿ ಏಳು ಇಂಚು. ನೀರು ಎಷ್ಟು ಆಳ ಇದೆ ನೋಡೋಣ ಅಂತ ಅವನನ್ನೇ ಮೊದಲು ಇಳಿಸಿದರಂತೆ! ಆಮೇಲೆ ಅಲ್ಲೇ ಕಾಲಿಗೆ ಗುಂಡು ಬಿತ್ತು. ಆ ನೋವು ಜೀವನಪೂರ್ತಿ ಉಳಿಯಿತು. ತಮಾಷೆ ಏನೆಂದರೆ, ಡಿಲನ್‌ನ ಬಂಟ ಚೆಸ್ಟರ್ ಕಾಲೆಳೆದುಕೊಂಡು ನಡೆಯುತ್ತಾನಲ್ಲ, ಆ ಪಾತ್ರ ಮಾಡಿದ ಡೆನಿಸ್ ವೀವರ್ ಒಳ್ಳೆ ಓಟಗಾರ. ಅವನ ಕಾಲು ಗಟ್ಟಿಮುಟ್ಟಾಗಿತ್ತು.

ಒಂದು ಶನಿವಾರ ಸಾರಿಗೆ ಒಗ್ಗರಣೆ ಇಟ್ಟಿದ್ದೆ. ಎಣ್ಣೆ ಕಾದು, ಸಾಸಿವೆ ಸಿಡಿದು, ಒಣಮೆಣಸಿನಕಾಯಿ ಹಾಕಿದೆ. ಅಷ್ಟರಲ್ಲಿ ಹಾಲ್‌ನ ಟಿವಿಯಲ್ಲಿ ಕುದುರೆ ಸದ್ದು. ಒಂದೇ ನಿಮಿಷ ಅಂತ ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತೆ. ಡಿಲನ್ ಕೈ ಗನ್ನಿನ ಹತ್ತಿರ ಹೋಯಿತು. ನನ್ನ ಮೆಣಸಿನಕಾಯಿ ಕರ್ರಗಾಯಿತು. ‘ಢಂ’ ಅನ್ನುವುದಕ್ಕೂ ಹೊಗೆ ಅಲಾರಂ ಕಿರುಚುವುದಕ್ಕೂ ಸರಿಹೋಯಿತು. ಮಗು ಎದ್ದು ಚೀರಿತು. ಎಲ್ಲರಿಗೂ ಕೆಮ್ಮು.

ನಮ್ಮವರು ಎದ್ದರು. ಪಂಚೆ ಮೇಲಕ್ಕೆ ಕಟ್ಟಿದರು. ಎರಡು ಕೈ ಸೊಂಟದ ಪಕ್ಕ ಬಿಟ್ಟುಕೊಂಡು, ಥೇಟ್ ಡಿಲನ್ ಥರ ನಿಧಾನವಾಗಿ ನಡೆದು ಅಲಾರಂ ಕೆಳಗೆ ಬಂದು ನಿಂತರು. ತಲೆ ಎತ್ತಿ ನೋಡಿದರು. ಅರ್ನೆಸ್ ಆಗಿದ್ದರೆ ನಿಂತಲ್ಲೇ ಕೈಚಾಚಿ ಆರಿಸಿಬಿಡುತ್ತಿದ್ದ. ಇವರು ಐದು ಅಡಿ ನಾಲ್ಕು. ಸಿಕ್ಕಿದ್ದು ಅಳಿಯನ ಆಫೀಸು ಕುರ್ಚಿ, ಅದಕ್ಕೆ ಚಕ್ರ ಬೇರೆ. ಮಂಡಿಯೂರಿ ಹತ್ತಿದರು. ಅದು ಅವರನ್ನು ಒಂದು ಸುತ್ತು ತಿರುಗಿಸಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿತು. ‘ಮಾವ, ಇಳೀರಿ, ಪ್ಲೀಸ್’ ಅಂತ ಅಳಿಯ ಕುರ್ಚಿ ಹಿಡಿದುಕೊಂಡ. ಮಗಳು ಒಂದು ಕಂಕುಳಲ್ಲಿ ಮಗು ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಟವೆಲ್ ಬೀಸಿ ಅಲಾರಂ ಬಾಯಿ ಮುಚ್ಚಿಸಿದಳು. ಈ ಗಲಾಟೆಯಲ್ಲಿ ಆ ಕಂತಿನ ಕೊನೆ ತಪ್ಪಿಹೋಯಿತು. ಇವತ್ತಿಗೂ ನನಗೆ ಅದೇ ಕೊರಗು.

ಹೊರಡುವ ಮುಂಚೆ ಇವರ ಹಟಕ್ಕೆ, ಡಿಲನ್ ಕಥೆ ನಡೆಯುವ ಊರು ಡಾಡ್ಜ್ ಸಿಟಿಗೆ ಹೋದೆವು. ಐದು ಗಂಟೆ ಹಾದಿ. ಟಿವಿಯಲ್ಲಿ ಊರಾಚೆ ಆಗಾಗ ಗುಡ್ಡ ಕಾಣುತ್ತದೆ, ಯಾಕೆಂದರೆ ಶೂಟಿಂಗ್ ಬಹುಪಾಲು ಕ್ಯಾಲಿಫೋರ್ನಿಯಾದಲ್ಲಿ. ನಿಜವಾದ ಡಾಡ್ಜ್ ಕಡೆ ದೋಸೆ ಕಾವಲಿಯ ಹಾಗೆ ನೆಲ. ಬೂಟ್ ಹಿಲ್ ಮ್ಯೂಸಿಯಂನಲ್ಲಿ ಹಳೇ ಫ್ರಂಟ್ ಸ್ಟ್ರೀಟನ್ನು ಮರುಕಟ್ಟಿ ಇಟ್ಟಿದ್ದಾರೆ, ಲಾಂಗ್ ಬ್ರಾಂಚ್ ಸಮೇತ. ಇವರು ಅಗಲ ಅಂಚಿನ ಒಂದು ಟೋಪಿ ಕೊಂಡರು. ಬೀದಿ ಮಧ್ಯೆ ಕಾಲಗಲಿಸಿ ನಿಂತು, ಕಣ್ಣು ಕಿರಿದು ಮಾಡಿ, ‘ಹ್ಞೂಂ, ತೆಗಿ ಫೋಟೋ’ ಅಂದರು.

ಆ ಊರಿನ ಗಾಳಿ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ. ಟೋಪಿ ಹಾರಿತು. ಉರುಳಿತು. ಇವರು ಹಿಂದೆ ಓಡಿದರು. 635 ಕಂತಿನಲ್ಲಿ ಮಾರ್ಷಲ್ ಟೋಪಿ ಅಟ್ಟಿಸಿಕೊಂಡು ಓಡಿದ್ದನ್ನು ನಾನಂತೂ ನೋಡಿಲ್ಲ. ಕೊನೆಗೆ ಒಬ್ಬ ಪುಟ್ಟ ಹುಡುಗ ಕಾಲಲ್ಲಿ ಒತ್ತಿ ಹಿಡಿದು ಎತ್ತಿಕೊಟ್ಟ. ಇವರು ಅವನಿಗೆ ಗಂಭೀರವಾಗಿ ತಲೆ ಬಾಗಿಸಿ, ಟೋಪಿ ಕೊಡವಿಕೊಂಡು ನನ್ನ ಹತ್ತಿರ ಬಂದರು.

‘ಲೇ, ಮಂಡಿ ಹಿಡ್ಕೊಂಡ್ತು ಕಣೇ.’

ಕಾರಿನ ತನಕ ಇಬ್ಬರೂ ಡಿಲನ್ ನಡಿಗೆಯಲ್ಲೇ ಹೋದೆವು.