ಅಯೋವಾದಲ್ಲಿ ಆ ರಾತ್ರಿ ಗೆದ್ದವರು ಯಾರು?

ಫಲಿತಾಂಶ ತಡವಾದರೆ ಜನ ಸಹಿಸಿಕೊಳ್ಳುತ್ತಾರೆ, ಆದರೆ ಅವಸರದಲ್ಲಿ ತಪ್ಪಾಗಿ ಘೋಷಣೆಯಾದ ಫಲಿತಾಂಶದಿಂದ ಆಗುವ ನಷ್ಟವನ್ನು ಆಮೇಲೆ ಯಾವ ತಿದ್ದುಪಡಿಯೂ ತುಂಬಿಕೊಡುವುದಿಲ್ಲ. 2012ರ ಜನವರಿ 3ರಂದು ಅಮೆರಿಕದ ಅಯೋವಾ ರಾಜ್ಯದಲ್ಲಿ ನಡೆದ ರಿಪಬ್ಲಿಕನ್ ಪಕ್ಷದ ಕಾಕಸ್ ಬಗ್ಗೆ ಯಾರಾದರೂ ಮಾತೆತ್ತಿದಾಗಲೆಲ್ಲ ನಾನು ಇದನ್ನೇ ಹೇಳುತ್ತಾ ಬಂದಿದ್ದೇನೆ. ಇಷ್ಟು ವರ್ಷಗಳಾದರೂ ಆ ಪಕ್ಷವಾಗಲಿ ಅಲ್ಲಿನ ಸುದ್ದಿವಾಹಿನಿಗಳಾಗಲಿ ಅದರಿಂದ ಕಲಿಯಬೇಕಾದದ್ದನ್ನು ಕಲಿತಂತೆ ಕಾಣದಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನು ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಸರ್ಕಾರಿ ಯಂತ್ರವೇ ನಡೆಸುವ ಪ್ರಾಥಮಿಕ ಚುನಾವಣೆಯ ಮೂಲಕ ತೀರ್ಮಾನಿಸಲಾಗುತ್ತದೆ. ಕಾಕಸ್ ಹಾಗಲ್ಲ, ಅದು ಪಕ್ಷವೇ ಸ್ವಯಂಸೇವಕರನ್ನು ಕಟ್ಟಿಕೊಂಡು ನಡೆಸುವ ಸಭೆ. ಮೂಳೆ ಕೊರೆಯುವ ಚಳಿಯಲ್ಲಿ ಸಂಜೆ ಏಳು ಗಂಟೆಗೆ ಶಾಲೆ, ಚರ್ಚ್, ಗ್ರಂಥಾಲಯಗಳಲ್ಲಿ ಜನ ಸೇರುತ್ತಾರೆ, ಒಬ್ಬೊಬ್ಬ ಅಭ್ಯರ್ಥಿಯ ಪರವಾಗಿ ಊರಿನವರೇ ಯಾರಾದರೂ ಎದ್ದು ನಿಂತು ಎರಡು ಮಾತು ಆಡುತ್ತಾರೆ, ಆಮೇಲೆ ಚೀಟಿಯ ಮೇಲೆ ಹೆಸರು ಬರೆದುಕೊಡುತ್ತಾರೆ ಮತ್ತು ಆ ಚೀಟಿಗಳನ್ನು ಅಲ್ಲೇ, ಎಲ್ಲರ ಕಣ್ಣೆದುರೇ ಎಣಿಸಲಾಗುತ್ತದೆ. ಆ ವರ್ಷ ಅಯೋವಾದಲ್ಲಿ ಇಂಥ ಮತಗಟ್ಟೆಗಳು 1,774 ಇದ್ದವು, ಚೀಟಿ ಹಾಕಿದವರು ಸುಮಾರು 1,21,500 ಜನ.

ಆಗ ಅಯೋವಾದ ರಾಜಧಾನಿ ಡಿ ಮೊಯಿನ್‌ನಲ್ಲಿ ಕೆಲಸಕ್ಕಿದ್ದ ನಾನು ಆ ರಾತ್ರಿಯನ್ನು ಕಳೆದದ್ದು ಸಹೋದ್ಯೋಗಿಯೊಬ್ಬರ ಮನೆಯ ಟಿವಿ ಮುಂದೆ. ಆ ಮನೆಯ ಗಂಡಹೆಂಡಿರಿಬ್ಬರೂ ಸ್ಪರ್ಧಿಗಳಲ್ಲೊಬ್ಬರಾದ ರಿಕ್ ಸ್ಯಾಂಟೋರಮ್ ಅವರ ಬೆಂಬಲಿಗರು. ರಾಜ್ಯದ 99 ಕೌಂಟಿಗಳನ್ನೂ (ನಮ್ಮ ಜಿಲ್ಲೆಗಳಂಥವು) ಸುತ್ತಿ, ಹತ್ತಾರು ಜನ ಸೇರಿದ ಸಣ್ಣ ಹೋಟೆಲುಗಳಲ್ಲೂ ನಿಂತು ಮಾತಾಡಿದ್ದ ಆ ಅಭ್ಯರ್ಥಿಗಾಗಿ ಅವರು ಮನೆಮನೆಗೆ ಹೋಗಿ ಕರಪತ್ರ ಹಂಚಿದ್ದರು. ಸ್ಯಾಂಟೋರಮ್ ಅವರ ರಾಜಕೀಯ ನಿಲುವುಗಳಲ್ಲಿ ನನಗೆ ಒಪ್ಪಿಗೆಯಾಗುವಂಥವು ಬಹಳ ಕಡಿಮೆ. ಆದರೂ ಹಣಬಲದಲ್ಲಿ ಎಷ್ಟೋ ಪಟ್ಟು ಮುಂದಿದ್ದ ಮಿಟ್ ರಾಮ್ನಿ ಅವರೊಂದಿಗೆ ಅವರು ಸರಿಸಮನಾಗಿ ನಿಂತದ್ದನ್ನು ನೋಡುತ್ತಿದ್ದರೆ ಮನಸ್ಸು ತಾನಾಗಿ ಆ ಕಡೆಗೆ ವಾಲುತ್ತಿತ್ತು. ನಡುರಾತ್ರಿ ದಾಟಿದ ಮೇಲೆ ಮುನ್ನಡೆ ಕೈಬೆರಳಲ್ಲಿ ಎಣಿಸುವಷ್ಟು ಮತಗಳ ಅಂತರದಲ್ಲಿ ಇವರಿಂದ ಅವರಿಗೆ, ಅವರಿಂದ ಇವರಿಗೆ ಹೊರಳುತ್ತಿತ್ತು. ಮನೆಯೊಡತಿ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಬದಲಾವಣೆಯನ್ನೂ ಗಂಟೆ ನಿಮಿಷದೊಂದಿಗೆ ಬರೆದುಕೊಳ್ಳುತ್ತಿದ್ದರು. ಕೊನೆಗೆ ಕ್ಲಿಂಟನ್ ಕೌಂಟಿಯ ಲೆಕ್ಕವೊಂದು ತಾಳೆಯಾಗದೆ ಉಳಿದಾಗ, ನಿದ್ದೆಯಿಂದ ಎಬ್ಬಿಸಲ್ಪಟ್ಟ ಅಲ್ಲಿನ ಪಕ್ಷದ ಮಹಿಳೆಯರಿಬ್ಬರು ಸಿಎನ್‌ಎನ್ ನೇರಪ್ರಸಾರಕ್ಕೆ ಫೋನಿನಲ್ಲೇ ಅಂಕಿಗಳನ್ನು ಓದಿ ಹೇಳಿದರು. ಇಡೀ ದೇಶ ಕಾಯುತ್ತಿದ್ದ ಉತ್ತರ ತಮ್ಮ ಕೈಯಲ್ಲಿದ್ದ ಹಾಳೆಯಲ್ಲಿದೆ ಎಂಬ ಗಾಬರಿ ಚೂರೂ ಇಲ್ಲದೆ ಅವರು ಅದನ್ನು ವಿವರಿಸಿದ ರೀತಿಯಲ್ಲಿ ನನಗೆ ಅಮೆರಿಕದ ಪ್ರಜಾಪ್ರಭುತ್ವದ ಅತ್ಯಂತ ಒಳ್ಳೆಯ ಗುಣ ಕಂಡಿತು.

ಅದಾದ ಮೇಲೆ ರಾಜ್ಯದ ಪಕ್ಷಾಧ್ಯಕ್ಷ ಮ್ಯಾಟ್ ಸ್ಟ್ರಾನ್ ಫಲಿತಾಂಶ ಪ್ರಕಟಿಸಿದರು: ರಾಮ್ನಿ 30,015, ಸ್ಯಾಂಟೋರಮ್ 30,007. ಎಂಟು ಮತಗಳ ಅಂತರ.

ಆ ಹೊತ್ತಿಗೆ ಪಕ್ಷದ ಕಚೇರಿಯಲ್ಲಿ ಇದ್ದದ್ದು ಅವಸರದಲ್ಲಿ ತಲುಪಿದ್ದ ಅಂಕಿಗಳೇ ಹೊರತು ಮತಗಟ್ಟೆಯ ಮುಖ್ಯಸ್ಥರು ಸಹಿ ಹಾಕಿ ಕಳಿಸಬೇಕಾದ 'ಫಾರ್ಮ್ ಇ' ಎಂಬ ಹಾಳೆಗಳಲ್ಲ, ಅವು ಬರಲು ಎರಡು ವಾರಗಳ ಗಡುವಿತ್ತು. ಒಂದೂಕಾಲು ಲಕ್ಷದಷ್ಟು ಮತಗಳಲ್ಲಿ ಎಂಟರ ಅಂತರವೆಂದರೆ ಯಾರೋ ಒಬ್ಬರು ಒಂದು ಅಂಕಿಯನ್ನು ತಪ್ಪಾಗಿ ಒತ್ತಿದರೂ ಬುಡಮೇಲಾಗುವ ಲೆಕ್ಕ. ಅದು ಊಹೆಯ ಮಾತೂ ಆಗಿರಲಿಲ್ಲ. ಮೌಲ್ಟನ್ ಎಂಬ ಪುಟ್ಟ ಊರಿನ ಗ್ರಂಥಾಲಯದಲ್ಲಿ 53 ಜನ ಚೀಟಿ ಹಾಕಿದ್ದರು. ಎಣಿಕೆಗೆ ನೆರವಾಗಿದ್ದ, ಮತ್ತೊಬ್ಬ ಅಭ್ಯರ್ಥಿ ರಾನ್ ಪಾಲ್ ಅವರ ಬೆಂಬಲಿಗರೊಬ್ಬರು ಲೆಕ್ಕವನ್ನು ತಮ್ಮದೊಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು. ಅದರಲ್ಲಿ ರಾಮ್ನಿಗೆ ಇದ್ದದ್ದು 2 ಮತ, ರಾಜ್ಯದ ಪಟ್ಟಿಯಲ್ಲಿ ಕಂಡದ್ದು 22. ಕೆಲವೇ ದಿನಗಳಲ್ಲಿ ಅವರು ಅದನ್ನು ಬಹಿರಂಗವಾಗಿ ಹೇಳಿದರು. ತಮ್ಮ ಅಭ್ಯರ್ಥಿ ಮೂರನೇ ಸ್ಥಾನದಲ್ಲಿದ್ದು, ಈ ತಿದ್ದುಪಡಿಯಿಂದ ತಮಗೆ ಚಿಕ್ಕಾಸಿನ ಲಾಭವೂ ಇಲ್ಲದಿದ್ದಾಗ ಹಾಗೆ ಮಾಡಿದ ಆ ಮನುಷ್ಯನ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಜನವರಿ 19ರಂದು ದೃಢೀಕೃತ ಲೆಕ್ಕ ಹೊರಬಂತು: ಸ್ಯಾಂಟೋರಮ್ 29,839, ರಾಮ್ನಿ 29,805. ಸ್ಯಾಂಟೋರಮ್ 34 ಮತಗಳಿಂದ ಮುಂದಿದ್ದರು. ಎಂಟು ಮತಗಟ್ಟೆಗಳ ಹಾಳೆಗಳು ಮಾತ್ರ ಸಿಗಲೇ ಇಲ್ಲ. ಪಕ್ಷ ಮೊದಲು ಯಾರನ್ನೂ ವಿಜೇತರೆಂದು ಕರೆಯಲು ಹಿಂಜರಿದು, ಆಮೇಲೆ ಸ್ಯಾಂಟೋರಮ್ ಅವರ ಹೆಸರು ಹೇಳಿತು. ಅಷ್ಟರಲ್ಲಿ ಎರಡನೇ ರಾಜ್ಯವಾದ ನ್ಯೂ ಹ್ಯಾಂಪ್‌ಷೈರ್‌ನ ಪ್ರಾಥಮಿಕ ಚುನಾವಣೆ ಮುಗಿದಿತ್ತು. ಮೊದಲೆರಡು ರಾಜ್ಯಗಳನ್ನೂ ಗೆದ್ದವರು ಎಂಬ ಕೀರ್ತಿಯೊಂದಿಗೆ ರಾಮ್ನಿ ಮುಂದಿನ ರಾಜ್ಯಕ್ಕೆ ಹೋಗಿದ್ದರು, ಸ್ಯಾಂಟೋರಮ್ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಶೇ 10ರ ಗಡಿಯನ್ನೂ ಮುಟ್ಟಿರಲಿಲ್ಲ. ತಿದ್ದುಪಡಿಯ ಸುದ್ದಿ ಬಂದ ದಿನವೇ ಇನ್ನೊಬ್ಬ ಅಭ್ಯರ್ಥಿ ರಿಕ್ ಪೆರ್ರಿ ಕಣದಿಂದ ಹಿಂದೆ ಸರಿದದ್ದರಿಂದ ಅದೂ ಬದಿಗೆ ಸರಿಯಿತು. ಎರಡು ದಿನಗಳ ನಂತರ ಸೌತ್ ಕೆರೊಲಿನಾವನ್ನು ನ್ಯೂಟ್ ಗಿಂಗ್ರಿಚ್ ಗೆದ್ದರು. ಅಭ್ಯರ್ಥಿಯನ್ನು ವಿಧಿವತ್ತಾಗಿ ಆರಿಸುವ ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆ ಅಯೋವಾ ಕಳಿಸುವ ಪ್ರತಿನಿಧಿಗಳು ಬಹಳ ಕಡಿಮೆ. ಅಲ್ಲಿ ಗೆದ್ದವರಿಗೆ ನಿಜವಾಗಿ ಸಿಗುವುದು ಮರುದಿನ ಬೆಳಗಿನ ಸುದ್ದಿ, ಅದರ ಬೆನ್ನಿಗೇ ಹರಿದುಬರುವ ದೇಣಿಗೆ. ಸ್ಯಾಂಟೋರಮ್ ಕಳೆದುಕೊಂಡದ್ದು ಅದನ್ನೇ. ಫೆಬ್ರುವರಿ 7ರಂದು ಅವರು ಕೊಲೊರಾಡೊ, ಮಿನ್ನೆಸೋಟ, ಮಿಸ್ಸೌರಿ ಮೂರನ್ನೂ ಗೆದ್ದದ್ದನ್ನು ನೋಡಿದರೆ, ಜನವರಿಯ ಆ ಹದಿನಾರು ದಿನಗಳು ಅವರ ಪಾಲಿಗಿದ್ದಿದ್ದರೆ ಸ್ಪರ್ಧೆ ಬೇರೆಯೇ ದಾರಿ ಹಿಡಿಯುತ್ತಿತ್ತು ಎಂದು ನನಗನಿಸುತ್ತದೆ.

ಅದೇ ಫೆಬ್ರುವರಿಯಲ್ಲಿ ಮೇಯ್ನ್ ರಾಜ್ಯದ ರಾನ್ ಪಾಲ್ ಬೆಂಬಲಿಗರಿಗೂ ಇಂಥದ್ದೇ ನೋವಾಯಿತು. ಹಿಮಪಾತದ ಮುನ್ಸೂಚನೆಯಿಂದ ವಾಷಿಂಗ್ಟನ್ ಕೌಂಟಿಯ ಕಾಕಸ್ ಒಂದು ವಾರ ಮುಂದಕ್ಕೆ ಹೋಗಿತ್ತು. ಅಲ್ಲಿನ ಜನ ಇನ್ನೂ ಮತ ಹಾಕಿರದಿದ್ದರೂ ಫೆಬ್ರುವರಿ 11ರಂದೇ ರಾಮ್ನಿ 194 ಮತಗಳಿಂದ ಗೆದ್ದರೆಂದು ಪಕ್ಷ ಸಾರಿಬಿಟ್ಟಿತು. ಆ ಕೌಂಟಿಯ ಮತಗಳಿಂದ ಫಲಿತಾಂಶ ತಿರುಗುತ್ತಿರಲಿಲ್ಲ ಎಂಬುದು ಆಮೇಲೆ ತಿಳಿದ ವಿಷಯ. ಘೋಷಿಸುವಾಗ ಅದು ಯಾರಿಗೂ ಗೊತ್ತಿರಲಿಲ್ಲ.

2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಿಂದ ಶಾಸಕರು ಆಯ್ಕೆಯಾದದ್ದನ್ನು ಕಂಡಿರುವ ನಮಗೆ ಕೂದಲೆಳೆಯ ಅಂತರ ಹೊಸದಲ್ಲ. ಆದರೆ ನಮ್ಮಲ್ಲಿ ಎಣಿಕೆಯ ಹೊಣೆ ಸ್ಪರ್ಧಿಸುವ ಪಕ್ಷದ ಕೈಯಲ್ಲಿರುವುದಿಲ್ಲ ಮತ್ತು ಚುನಾವಣಾಧಿಕಾರಿ ಸಹಿ ಹಾಕಿ ಪ್ರಮಾಣಪತ್ರ ಕೊಡುವವರೆಗೆ ಟಿವಿಯವರು ಏನೇ ಹೇಳಿದರೂ ಅದಕ್ಕೆ ಕಾನೂನಿನ ಬೆಲೆ ಇಲ್ಲ.

ಅಯೋವಾದಲ್ಲಿ ಅವಸರ ಇನ್ನೂ ಕಡಿಮೆಯಾಗಿಲ್ಲ. 2024ರ ಜನವರಿ 15ರಂದು ಸಭೆ ಶುರುವಾಗಿ ಅರ್ಧ ಗಂಟೆಯಾಗುತ್ತಲೇ ಡೊನಾಲ್ಡ್ ಟ್ರಂಪ್ ಗೆದ್ದರೆಂದು ಸುದ್ದಿಸಂಸ್ಥೆಗಳು ಘೋಷಿಸಿದವು. ಎಷ್ಟೋ ಕಡೆ ಜನ ಇನ್ನೂ ಭಾಷಣ ಕೇಳುತ್ತಿದ್ದರು, ಚೀಟಿ ಬರೆದಿರಲಿಲ್ಲ. ಟ್ರಂಪ್ ಅರ್ಧಕ್ಕಿಂತ ಹೆಚ್ಚು ಮತ ಪಡೆದು ಭಾರಿ ಅಂತರದಲ್ಲಿ ಗೆದ್ದದ್ದು ನಿಜ, ಆದರೆ ಕೈಯಲ್ಲಿ ಖಾಲಿ ಚೀಟಿ ಹಿಡಿದು ಕುಳಿತವರಿಗೆ ಫಲಿತಾಂಶ ತಿಳಿಸುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. ಎಣಿಕೆ ಮುಗಿದ ಕೂಡಲೇ ಪ್ರತಿ ಮತಗಟ್ಟೆಯ ಸಹಿ ಹಾಕಿದ ಹಾಳೆಯನ್ನು ಆಯಾ ಬಾಗಿಲಿಗೆ ಅಂಟಿಸಲಿ, ಅದರ ಚಿತ್ರವನ್ನು ಆ ರಾತ್ರಿಯೇ ಎಲ್ಲರಿಗೂ ಸಿಗುವಂತೆ ಮಾಡಲಿ. 2012ರಂತೆ ಅಂತರ ತೀರಾ ಕಡಿಮೆಯಿದ್ದಾಗ ಪಕ್ಷ ಯಾರ ಹೆಸರನ್ನೂ ಹೇಳದೆ, ಇನ್ನೂ ಯಾವ ಯಾವ ಊರಿನ ಹಾಳೆ ಬಂದಿಲ್ಲ ಎಂಬ ಪಟ್ಟಿಯನ್ನು ಮಾತ್ರ ಓದಲಿ. ಬೆಳಗಾಗುವವರೆಗೆ ಕೂತು ಲೆಕ್ಕ ಬರೆದುಕೊಂಡ ಬೆಂಬಲಿಗರು ಇನ್ನೆರಡು ವಾರ ಕಾಯಲು ಸಿದ್ಧರಿರುತ್ತಾರೆ.