ರೋಬಾಟ್ ಇದೆಯೇ ಎಂದು ಆಮೇಲೆ ಕೇಳಿ

ದಾವಣಗೆರೆ ಸೀಮೆಯಲ್ಲಿ ಯಾರಿಗಾದರೂ ದೊಡ್ಡ ಆಪರೇಷನ್ ಎಂದರೆ ಈಗ ಬಂಧುಗಳು ಮೊದಲು ಕೇಳುವುದೇ ರೋಬಾಟ್ ಬಗ್ಗೆ. ನನ್ನ ಅಕ್ಕನ ಬಲ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಕಂಡಾಗ ಚನ್ನಗಿರಿಯ ಭಾವ ತೋಟದ ಅಡಿಕೆಯನ್ನು ಎಳೆಗಾಯಿಯಲ್ಲೇ ಖೇಣಿಗೆ ಕೊಟ್ಟು ಹಣ ಹೊಂದಿಸಲು ಹೊರಟಿದ್ದರು. ನಾನು ತಡೆದೆ. ತಡೆದದ್ದು ಸರಿ ಎಂದೇ ಈಗಲೂ ನಂಬಿದ್ದೇನೆ.

ರೋಬಾಟ್ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಶಸ್ತ್ರಚಿಕಿತ್ಸಕರ ಕೈ ಆಡಿದಂತೆ ಅದು ಆಡುತ್ತದೆ. ಆಳ ಅಗಲ ತಿಳಿಯುವ ನೋಟ, ಮಣಿಕಟ್ಟಿನಂತೆ ತಿರುಗುವ ಉಪಕರಣ, ಇವು ಅದರ ನಿಜವಾದ ಅನುಕೂಲಗಳು. ಆದರೆ ಉದ್ದನೆಯ ಗಾಯ ತಪ್ಪಿದ್ದು ರೋಬಾಟ್‌ನಿಂದಲ್ಲ. ಸಣ್ಣ ತೂತುಗಳಿಂದ ಕ್ಯಾಮೆರಾ, ಉಪಕರಣ ಇಳಿಸಿ ಮಾಡುವ ಲ್ಯಾಪರೋಸ್ಕೋಪಿಯಿಂದ ಅಡ್ರಿನಲ್ ತೆಗೆದ ವರದಿ 1992ರಲ್ಲೇ ಪ್ರಕಟವಾಗಿತ್ತು. ಎರಡನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟಾಗಿ ನೋಡಿದಾಗ ರೋಬಾಟ್‌ನಲ್ಲಿ ರಕ್ತಸ್ರಾವ, ಆಸ್ಪತ್ರೆ ವಾಸ ತುಸು ಕಡಿಮೆ. ತೊಡಕುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಖರ್ಚು ಮಾತ್ರ ಹೆಚ್ಚು. ಗಡ್ಡೆ ದೊಡ್ಡದಿದ್ದರೆ, ಮೈ ತೂಕ ಬಹಳವಿದ್ದರೆ, ಗ್ರಂಥಿಯ ಒಂದು ಭಾಗವನ್ನು ಉಳಿಸಬೇಕಿದ್ದರೆ ರೋಬಾಟ್ ಬೇಕೆಂದು ವೈದ್ಯರು ಹೇಳಬಹುದು, ಆಗ ಕೇಳಲೇಬೇಕು.

ಅಕ್ಕನಿಗಿದ್ದದ್ದು ಫಿಯೋಕ್ರೊಮೋಸೈಟೋಮಾ, ಅಡ್ರಿನಲಿನ್ ಸುರಿಸುವ ಗಡ್ಡೆ. ತಲೆನೋವು, ಬೆವರು, ಏಕಾಏಕಿ ಏರುವ ಬಿಪಿ. ಇದನ್ನು ಸಿದ್ಧತೆಯಿಲ್ಲದೆ ಮುಟ್ಟಿದರೆ ಟೇಬಲ್ ಮೇಲೆಯೇ ಬಿಪಿ ಪ್ರಾಣಾಂತಿಕವಾಗಿ ಏರಬಹುದು. ಆದ್ದರಿಂದ ಒಂದೆರಡು ವಾರ ಮೊದಲೇ ರಕ್ತನಾಳಗಳನ್ನು ಸಡಿಲಿಸುವ ಆಲ್ಫಾ ಬ್ಲಾಕರ್ ಮಾತ್ರೆ ಕೊಡಬೇಕು, ಊಟದಲ್ಲಿ ಉಪ್ಪನ್ನೂ ಕುಡಿಯುವ ನೀರನ್ನೂ ಹೆಚ್ಚಿಸಬೇಕು. ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಬೇಕಾದರೂ ಅದು ನಂತರವೇ. ಅದನ್ನೇ ಮೊದಲು ಕೊಟ್ಟರೆ ಬಿಪಿ ಇನ್ನಷ್ಟು ಏರುತ್ತದೆ. ಬಲಗಡೆಯ ಅಡ್ರಿನಲ್ ಅಭಿಧಮನಿ ಬಹಳ ಗಿಡ್ಡ, ಸೀದಾ ದೇಹದ ಮಹಾ ಅಭಿಧಮನಿಗೆ ಸೇರುತ್ತದೆ, ಹರಿದರೆ ರಕ್ತ ನಿಲ್ಲಿಸುವುದು ಕಷ್ಟ. ಅದನ್ನು ಕ್ಲಿಪ್ ಹಾಕಿ ಕತ್ತರಿಸಿದ ಕೂಡಲೇ ಬಿಪಿ ಕುಸಿಯಬಹುದು. ಆ ಹೊತ್ತಿನಲ್ಲಿ ಜೀವ ಕಾಯುವವರು ಅರಿವಳಿಕೆ ತಜ್ಞರು. ಅವರ ಹೆಸರನ್ನು ಕೇಳುವವರೇ ಇಲ್ಲ!

ವರ್ಷಕ್ಕೆ ಕನಿಷ್ಠ 6 ಅಡ್ರಿನಲ್ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಕೈಯಲ್ಲಿ ತೊಡಕು ಕಡಿಮೆ ಎಂದು ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿದೆ. ಇದು ಅಪರೂಪದ ಆಪರೇಷನ್, ಹಾಗಾಗಿ ಆ ಸಂಖ್ಯೆಯೂ ಎಲ್ಲರಲ್ಲಿ ಸಿಗುವುದಿಲ್ಲ. ಬೆಂಗಳೂರಿಗೆ ಹೋಗುವುದಾದರೆ ಅಂಥ ಕೈಗಾಗಿ ಹೋಗಿ. ನಾವು ಹೋದದ್ದೂ ಅದಕ್ಕೇ, ಆದದ್ದು ಮಾಮೂಲಿ ಲ್ಯಾಪರೋಸ್ಕೋಪಿ.

ಉಳಿದ ಹಣಕ್ಕೆ ಬೇರೆ ಕೆಲಸವಿದೆ. ಈ ಗಡ್ಡೆ ಮರಳಬಹುದಾದ್ದರಿಂದ ವರ್ಷಕ್ಕೊಮ್ಮೆ ಮೆಟಾನೆಫ್ರಿನ್, ಅಂದರೆ ಅಡ್ರಿನಲಿನ್ ಒಡೆದು ಉಳಿಯುವ ಅಂಶದ, ಪರೀಕ್ಷೆ ಬೇಕು. ಸುಮಾರು ಮೂವರಲ್ಲಿ ಒಬ್ಬರಿಗೆ ಇದು ವಂಶವಾಹಿಯಿಂದ ಬಂದಿರುತ್ತದೆ. ಅಕ್ಕನ ಜೀನ್ ಪರೀಕ್ಷೆಗೆ ರಕ್ತ ಕೊಟ್ಟಿದ್ದೇವೆ. ದೋಷ ಕಂಡರೆ ಅವಳ ಮಕ್ಕಳಿಗೂ, ನನಗೂ ಮಾಡಿಸಬೇಕು.