ಸ್ಟಾಕ್ಟನ್ನಿನ ಮೂವರು ಮತ್ತು ನಮ್ಮ ಲಾವಣಿ

ಜನಪದ ಗಾಯನ ಎಂದೊಡನೆ ನಾವು ಹೊರನಾಡ ಕನ್ನಡಿಗರು ಮೊದಲು ಯೋಚಿಸುವುದು ವೇಷಭೂಷಣದ ಬಗ್ಗೆ. ರುಮಾಲು, ಡಾಬು, ಇಳಕಲ್ ಸೀರೆ ಎಲ್ಲವೂ ಸಿದ್ಧವಾಗುತ್ತವೆ. ಹಾಡು ಮಾತ್ರ ಧ್ವನಿಮುದ್ರಿತ ಟ್ರ್ಯಾಕಿನಿಂದ ಬರುತ್ತದೆ. ರಾಜ್ಯೋತ್ಸವದಲ್ಲಿ ಮಕ್ಕಳು ಅದಕ್ಕೆ ಕುಣಿಯುವುದನ್ನು ನೋಡಿ ನನಗೂ ಸಂತೋಷವಾಗುತ್ತದೆ. ಆದರೆ ಈಶಾನ್ಯ ಇಂಗ್ಲೆಂಡಿನಲ್ಲಿ ನೆಲೆಸಿ, ಇಲ್ಲಿನ ದಿ ಯಂಗನ್ಸ್ ತಂಡವನ್ನು ಕೇಳಿದ ಮೇಲೆ ಅಷ್ಟಕ್ಕೇ ತೃಪ್ತಿಪಡಲು ನನ್ನಿಂದಾಗುತ್ತಿಲ್ಲ.

ಟೀಸ್ ನದಿಯ ದಡದ ಸ್ಟಾಕ್ಟನ್ ಪಟ್ಟಣದ ಸನ್ ಇನ್ ಪಬ್ಬಿನಲ್ಲಿ ನಡೆಯುತ್ತಿದ್ದ ಫೋಕ್ ಕ್ಲಬ್ಬಿಗೆ, ಅಂದರೆ ಜನಪದ ಹಾಡಿನ ಕೂಟಕ್ಕೆ, ಹದಿಹರೆಯದಲ್ಲೇ ಹೋಗಿ ಹಾಡಲು ಕಲಿತ ಮೂವರು ಗೆಳೆಯರು ಕಟ್ಟಿದ ತಂಡವಿದು. 2015 ಮತ್ತು 2016ರಲ್ಲಿ ಬಿಬಿಸಿ ರೇಡಿಯೋ 2ರ ಫೋಕ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ತಂಡವೆನಿಸಿಕೊಂಡಿತು. ವೇದಿಕೆಗೆ ಬರುವುದು ದಿನನಿತ್ಯದ ಅಂಗಿಯಲ್ಲೇ. ಬಹಳಷ್ಟು ಹಾಡುಗಳಿಗೆ ವಾದ್ಯವೂ ಇರುವುದಿಲ್ಲ, ಮೂರು ಕಂಠಗಳು ಮಾತ್ರ. ಉಚ್ಚಾರಣೆ ಟೀಸ್ ದಂಡೆಯದೇ. ಲಂಡನ್ನಿನವರಿಗಾಗಿ ಅದನ್ನು ತಿದ್ದಿಕೊಳ್ಳುವುದಿಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಜಾನಿ ಲಾಂಗ್‌ಸ್ಟಾಫ್ ಅವರ ಕಥೆ. 1919ರಲ್ಲಿ ಸ್ಟಾಕ್ಟನ್ನಿನಲ್ಲೇ ಹುಟ್ಟಿದ ಬಡ ಹುಡುಗ. 1934ರಲ್ಲಿ, ಹದಿನೈದರ ವಯಸ್ಸಿನಲ್ಲಿ, ನಿರುದ್ಯೋಗಿಗಳ ಹಸಿವಿನ ಮೆರವಣಿಗೆಯೊಡನೆ ಲಂಡನ್ನಿಗೆ ನಡೆದ. 1936ರ ಅಕ್ಟೋಬರಿನಲ್ಲಿ ಲಂಡನ್ನಿನ ಕೇಬಲ್ ಸ್ಟ್ರೀಟಿನಲ್ಲಿ ಬ್ರಿಟಿಷ್ ಫ್ಯಾಸಿಸ್ಟ್ ನಾಯಕ ಮೋಸ್ಲಿಯ ಕರಿಯಂಗಿ ದಳವನ್ನು ತಡೆದವರಲ್ಲಿ ಒಬ್ಬನಾದ. ಬಳಿಕ ಅಲ್ಲಿನ ಅಂತರ್ಯುದ್ಧದಲ್ಲಿ ಜನರಲ್ ಫ್ರಾಂಕೋ ವಿರುದ್ಧ ಹೋರಾಡಲು ಸ್ಪೇನಿಗೆ ಹೋದ. ಜಾನಿಯವರ ಮಗ ತಂಡದವರನ್ನು ಭೇಟಿಯಾಗಿ ತಂದೆಯ ವಿಚಾರ ಹೇಳಿದ್ದರಿಂದ ಅವರ ಬದುಕಿನ ಕುರಿತ ತಂಡದ ಹಾಡುಗಳು ಹುಟ್ಟಿದವು. ಪ್ರದರ್ಶನದಲ್ಲಿ ಹಾಡುಗಳ ನಡುನಡುವೆ ಜಾನಿಯವರದೇ ಧ್ವನಿ ಕೇಳಿಸುತ್ತದೆ. ಇಂಪೀರಿಯಲ್ ವಾರ್ ಮ್ಯೂಸಿಯಂ ಅವರ ನೆನಪುಗಳನ್ನು ಧ್ವನಿಮುದ್ರಿಸಿಟ್ಟಿತ್ತು. ಮುದುಕ ಮಾತು ನಿಲ್ಲಿಸಿದಲ್ಲಿಂದ ಮೂವರು ಎತ್ತಿಕೊಳ್ಳುತ್ತಾರೆ. ಆ ಕ್ಷಣದಲ್ಲಿ ಇತಿಹಾಸ ನಮ್ಮ ಪಕ್ಕದ ಮನೆಯವರದ್ದಾಗಿಬಿಡುತ್ತದೆ.

ಇಲ್ಲಿನ ಫೋಕ್ ಕ್ಲಬ್ಬುಗಳ ರೂಢಿಯೂ ನನಗೆ ತುಂಬಾ ಇಷ್ಟ. ಮುಖ್ಯ ಗಾಯಕರಿಗಿಂತ ಮೊದಲು ಸಭೆಯಲ್ಲಿದ್ದ ಯಾರಾದರೂ ಎದ್ದು ಹಾಡಬಹುದು. ಪಲ್ಲವಿ ಬಂದಾಗ ಇಡೀ ಕೋಣೆ ದನಿಗೂಡಿಸುತ್ತದೆ. ಗೀಗೀ ಮೇಳದಲ್ಲಿ ಹಿಮ್ಮೇಳದವರು ತುಂತುಣಿ ನುಡಿಸುತ್ತ ಸೊಲ್ಲು ಎತ್ತುವುದನ್ನು ಕೇಳಿದವರಿಗೆ ಈ ಸುಖ ಹೊಸದೇನಲ್ಲ.

ನಮ್ಮ ಪರಂಪರೆ ಬಡವಾಗಿದೆ ಎಂದು ನಾನು ಹೇಳುತ್ತಿಲ್ಲ. 1903ರಲ್ಲಿ ಜನಪದ ಹಾಡುಗಳ ಸಂಗ್ರಾಹಕ ಸೆಸಿಲ್ ಶಾರ್ಪ್ ಸಾಮರ್ಸೆಟ್‌ನ ಹಳ್ಳಿಯಲ್ಲಿ ತೋಟಗಾರನೊಬ್ಬನ ಹಾಡು ಬರೆದುಕೊಂಡಾಗಲೇ ಇಲ್ಲಿ ಬಾಯಿಂದ ಬಾಯಿಗೆ ಹಾಡು ದಾಟಿಸುವ ಪದ್ಧತಿ ಕ್ಷೀಣಿಸುತ್ತಿತ್ತು. ಇಂದಿನ ಗಾಯಕರು ಎಷ್ಟೋ ಹಳೆಯ ಹಾಡುಗಳನ್ನು ಪುಸ್ತಕದಿಂದ ಕಲಿಯಬೇಕಾಗಿದೆ. ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆಯವರು ರಾತ್ರಿಯಿಡೀ ನೆನಪಿನಿಂದಲೇ ಹಾಡುತ್ತಾರೆ. ಅಂಥ ಸಂಪತ್ತು ಇಂಗ್ಲಿಷರಲ್ಲಿಲ್ಲ.

ಆದರೆ ಹೊಸ ಕಥೆ ಕಟ್ಟಿದರೆ ಅದು ಜನಪದವಲ್ಲ ಎನ್ನುವ ಸ್ನೇಹಿತರ ಮಾತನ್ನು ನಾನು ಒಪ್ಪಲಾರೆ. ಹತ್ತನೆಯ ತರಗತಿಯಲ್ಲಿ ನಮ್ಮ ಮಕ್ಕಳು ಓದುವ ಹಲಗಲಿ ಬೇಡರ ಲಾವಣಿ ಹುಟ್ಟಿದ್ದು ಹೇಗೆ? 1857ರಲ್ಲಿ ಬ್ರಿಟಿಷರು ಆಯುಧ ಕಸಿದುಕೊಳ್ಳಲು ಹೊರಟಾಗ ಹಲಗಲಿ ಎದ್ದಿತು, ಸುಟ್ಟುಹೋಯಿತು. ಲಾವಣಿಕಾರ ಅದನ್ನು ತನ್ನ ಸೀಮೆಯ ಮಾತಿನಲ್ಲಿ, ಲೂಟಿಯಾದ ಉಪ್ಪು, ಎಣ್ಣೆಗಳನ್ನೂ ಬಿಡದೆ ಕಟ್ಟಿದ. 1880ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಅದನ್ನು ಸಂಗ್ರಹಿಸಿ ಪ್ರಕಟಿಸಿದಾಗ ಆ ಗಾಯ ಹಳೆಯದಾಗಿರಲಿಲ್ಲ.

ಹಾಗಾದರೆ ನಮ್ಮ ಜಾನಿಗಳ ಹಾಡು ಎಲ್ಲಿ? ಕರಾವಳಿಯಿಂದ ಬೊಂಬಾಯಿಗೆ ಹೋದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತರು. ಲಿಂಗನಮಕ್ಕಿಯ ನೀರಿಗೆ ಮನೆ ಬಿಟ್ಟ ಶರಾವತಿ ಕಣಿವೆಯ ಕುಟುಂಬಗಳಿವೆ. ಕಥೆಗೆ ನಮ್ಮಲ್ಲಿ ಬರವಿಲ್ಲ. ಬೇಕಾದದ್ದು ಒಂದು ದಪ್ಪು, ಎರಡು ಗಟ್ಟಿ ಕಂಠ, ಮತ್ತು ಸಂಘದವರು ಟ್ರ್ಯಾಕ್ ನಿಲ್ಲಿಸಿ ಬಿಟ್ಟುಕೊಡುವ ಅರ್ಧ ಗಂಟೆ.

ಎಲ್ಲಕ್ಕಿಂತ ಮೊದಲು ಆ ರಾತ್ರಿಶಾಲೆಗಳಲ್ಲಿ ಓದಿದ ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಳ್ಳಬೇಕು. ಅವರ ಮಕ್ಕಳು, ಮೊಮ್ಮಕ್ಕಳು ನಮ್ಮ ಸಂಘಗಳಲ್ಲೇ ಇದ್ದಾರೆ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಈ ರಜೆಗೆ ಊರಿಗೆ ಹೋಗುವವರು ಅಜ್ಜನನ್ನು ಕೂರಿಸಿಕೊಂಡು ಕೇಳಲಿ.